ವಿಲಾಯಿತಿಯ ಆರೋಗ್ಯಸೇವೆಯೂ ಭಾರತದ ವೈದ್ಯರೂ

ಇಂಗ್ಲೆಂಡಿನಲ್ಲಿ ರಾಷ್ಟ್ರೀಯ ಆರೋಗ್ಯಸೇವೆಯೆಂಬ ಮಹಾವ್ಯವಸ್ಥೆಯು ೧೯೪೮ನೆಯ ಇಸವಿ ಜುಲೈ ೫ನೆಯ ತಾರೀಖಿನಂದು ಆರಂಭವಾಯಿತು. ರೋಗಿಯಾದವನು ಧನಿಕನಾಗಲಿ ದರಿದ್ರನಾಗಲಿ, ವೈದ್ಯನ ಕೈಯಲ್ಲಿ ಕಾಸಿಡದೆ ಚಿಕಿತ್ಸೆಯನ್ನು ಪಡೆಯಬಹುದೆಂಬ ನಿಯಮವು ಅಂದು ಜಾರಿಗೆ ಬಂದಿತು. ಗಣಿಗಾರನ ಮಗನಾಗಿ ಹುಟ್ಟಿ, ಬಾಲ್ಯದಲ್ಲಿ ತಾನೂ ಗಣಿಗಿಳಿದು ದುಡಿದು, ಕಡೆಗೆ ಆರೋಗ್ಯಮಂತ್ರಿಯ ಪದವಿಗೇರಿದ ಅನೈರಿನ್ ಬೆವನ್ ಎಂಬವರು ಇದರ ಕರ್ತೃ. ಆ ಕಥೆಯನ್ನು ಆಂಗ್ಲೇಯ ಚರಿತ್ರಕಾರರು ಅಭಿಮಾನದಿಂದ ಬರೆದಿರುವರು; ಅಭಿಮಾನಕ್ಕೆ ತಕ್ಕ ಕಾರ್ಯವೇ ಅದು. ಆದರೆ ಕಾಯಿದೆಗಳನ್ನೂ ಕಟ್ಟಡಗಳನ್ನೂ ವರ್ಣಿಸಿದ ಆ ಗ್ರಂಥಗಳಲ್ಲಿ ಬಹುಕಾಲ ಒಂದು ಸಂಗತಿಗೆ ಮೂಲೆಯಲ್ಲಿಯೂ ಸ್ಥಳ ದೊರೆಯಲಿಲ್ಲ. ಹಣ ಕೊಡದೆ ಬಂದ ಕೋಟ್ಯಂತರ ರೋಗಿಗಳ ನಾಡಿ ಹಿಡಿದವರು ಯಾರು? ಅವರಲ್ಲಿ ದೊಡ್ಡದೊಂದು ಪಾಲು ಕಲ್ಕತ್ತೆ, ಮುಂಬಯಿ, ಮದರಾಸು, ಲಾಹೋರು, ಮೈಸೂರುಗಳ ಕಾಲೇಜುಗಳಲ್ಲಿ ಓದಿದವರು. ಅವರ ವಿದ್ಯಾಭ್ಯಾಸದ ವೆಚ್ಚವನ್ನು ತೆತ್ತವರು ಆ ರೋಗಿಗಳಲ್ಲ.

ಚರಕಾಚಾರ್ಯರು ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳಿರುವುದು ಸುಪ್ರಸಿದ್ಧವಾಗಿದೆ: ವೈದ್ಯ, ಔಷಧ, ಪರಿಚಾರಕ, ರೋಗಿ. ಇವುಗಳಲ್ಲಿ ಔಷಧವು ಹಣ ಕೊಟ್ಟರೆ ಬರುತ್ತದೆ. ರೋಗಿಯು ತನ್ನ ಹಾಸಿಗೆಯನ್ನು ಬಿಟ್ಟು ಏಳಲಾರನು. ವೈದ್ಯ, ಪರಿಚಾರಕ ಎಂಬ ಎರಡು ಪಾದಗಳಿಗೆ ಮಾತ್ರ ಹಡಗನ್ನೇರಿ ಹೋಗುವ ಶಕ್ತಿಯುಂಟು. ಅವು ಒಂದು ದೇಶವನ್ನು ಬಿಟ್ಟು ಇನ್ನೊಂದು ದೇಶದಲ್ಲಿ ಊರಿ ನಿಂತ ಬಗೆಯನ್ನು ತಿಳಿಯಬೇಕಾದರೆ, ೧೯೪೮ರಿಂದ ಮತ್ತೂ ನೂರು ವರ್ಷ ಹಿಂದಕ್ಕೆ ಹೋಗಬೇಕು.

ಕಲ್ಕತ್ತೆಯ ಮೆಡಿಕಲ್ ಕಾಲೇಜು ೧೮೩೫ರಲ್ಲಿ ಸ್ಥಾಪಿತವಾಯಿತು. ಹತ್ತು ವರ್ಷಗಳಾದ ಬಳಿಕ, ೧೮೪೫ರಲ್ಲಿ, ಅಲ್ಲಿನ ಅಧ್ಯಾಪಕರಾದ ಡಾಕ್ಟರ್ ಗುಡೀವ್ ಎಂಬವರು ನಾಲ್ವರು ಬಂಗಾಳಿ ವಿದ್ಯಾರ್ಥಿಗಳನ್ನು ತಮ್ಮ ಸಂಗಡ ಲಂಡನ್ನಿಗೆ ಕರೆದುಕೊಂಡು ಹೋದರು. ಇಬ್ಬರ ಖರ್ಚನ್ನು ಕವಿ ರವೀಂದ್ರರ ಪಿತಾಮಹರಾದ ದ್ವಾರಕಾನಾಥ ಠಾಕೂರರು ವಹಿಸಿಕೊಂಡರು. ಸಮುದ್ರವನ್ನು ದಾಟಿದವನಿಗೆ ಪಂಕ್ತಿಯಲ್ಲಿ ಎಲೆ ಹಾಕದಿದ್ದ ಕಾಲ ಅದು. ಆ ನಾಲ್ವರಲ್ಲೊಬ್ಬರಾದ ಸೂರ್ಯಕುಮಾರ ಚಕ್ರವರ್ತಿಗಳು ಲಂಡನ್ನಿನ ಎಂ. ಡಿ. ಪದವಿಯನ್ನು ಪಡೆದರು; ಗುಡೀವರ ಹೆಸರನ್ನು ತಮ್ಮ ಹೆಸರಿನೊಡನೆ ಸೇರಿಸಿಕೊಂಡರು; ೧೮೫೫ರಲ್ಲಿ ಇಂಡಿಯನ್ ಮೆಡಿಕಲ್ ಸರ್ವಿಸಿಗೆ ಸ್ಪರ್ಧಾಪರೀಕ್ಷೆಯು ಮೊದಲಾದಾಗ ಅದರಲ್ಲಿ ತೇರ್ಗಡೆಯಾದ ಪ್ರಥಮ ಭಾರತೀಯರೆನಿಸಿದರು. ಹಿಂದಿರುಗಿ ಬಂದು ಕಲ್ಕತ್ತೆಯ ಕಾಲೇಜಿನಲ್ಲಿಯೇ ಪಾಠ ಹೇಳಿದರು. ಅಂದು ಹೋಗುತ್ತಿದ್ದುದು ಹಿಂದಿರುಗುವುದಕ್ಕಾಗಿ. ಪರೀಕ್ಷೆ ನಡೆಯುತ್ತಿದ್ದುದು ಲಂಡನ್ನಿನಲ್ಲಿ, ಉದ್ಯೋಗವಿದ್ದುದು ಹಿಂದೂಸ್ಥಾನದಲ್ಲಿ. ಆದುದರಿಂದ ಹೋಗದೆ ವಿಧಿಯಿರಲಿಲ್ಲ, ಬಾರದೆ ಪ್ರಯೋಜನವಿರಲಿಲ್ಲ.

ಇದೇ ಕಾಲದಲ್ಲಿ ಲಂಡನ್ನಿನಲ್ಲಿ ಒಂದು ಪುಸ್ತಕವು ಹುಟ್ಟಿತು. ಮುಂದಿನ ನೂರೈವತ್ತು ವರ್ಷ ಭಾರತೀಯ ವೈದ್ಯರ ಬಾಳನ್ನು ಆ ಪುಸ್ತಕವೇ ಆಳಿತೆಂದರೆ ಅತಿಶಯೋಕ್ತಿಯಾಗದು. ೧೮೫೮ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಮೆಡಿಕಲ್ ಆಕ್ಟ್ ಎಂಬ ಶಾಸನವನ್ನು ಮಾಡಿ, ಜನರಲ್ ಮೆಡಿಕಲ್ ಕೌನ್ಸಿಲ್ ಎಂಬ ಸಭೆಯನ್ನೇರ್ಪಡಿಸಿ, ಯೋಗ್ಯರಾದ ವೈದ್ಯರ ಹೆಸರುಗಳ ರಿಜಿಸ್ಟರನ್ನು ಆ ಸಭೆಯ ವಶಕ್ಕೆ ಕೊಟ್ಟಿತು. ೧೮೮೬ರ ತಿದ್ದುಪಡಿಯಿಂದ ವಸಾಹತುಗಳ ಪದವೀಧರರಿಗೂ ಅದರಲ್ಲಿ ಸ್ಥಳ ದೊರೆಯುವ ಮಾರ್ಗವಾಯಿತು. ೧೮೯೨ರಿಂದ ಭಾರತದ ವಿಶ್ವವಿದ್ಯಾನಿಲಯಗಳ ವೈದ್ಯಪದವಿಗಳು ಅಲ್ಲಿ ಮಾನ್ಯವಾದುವು. ಮುಂಬಯಿಯಲ್ಲಿ ಓದಿದವನು ಮ್ಯಾಂಚೆಸ್ಟರಿನಲ್ಲಿ ಬಾಗಿಲಿಗೆ ಫಲಕ ತೂಗುಹಾಕಬಹುದೆಂದಾಯಿತು. ಮಾನ್ಯತೆಯನ್ನು ಕೊಟ್ಟವರಿಗೆ ಅದನ್ನು ಕಿತ್ತುಕೊಳ್ಳುವ ಅಧಿಕಾರವೂ ಇರುವುದಷ್ಟೆ. ಭಾರತದ ಕಾಲೇಜುಗಳಲ್ಲಿ ಪ್ರಸೂತಿಶಾಸ್ತ್ರದ ಬೋಧನೆಯು ಸಾಲದೆಂದು ಕೌನ್ಸಿಲು ೧೯೨೦ರ ದಶಕದಲ್ಲಿ ಆಕ್ಷೇಪಿಸಿತು; ಕಾಲೇಜುಗಳನ್ನು ಪರೀಕ್ಷಿಸುವ ಅಧಿಕಾರಿ ಯಾರಾಗಬೇಕೆಂಬ ವಿಷಯದಲ್ಲಿ ಜಗಳ ಬೆಳೆಯಿತು; ೧೯೩೦ರಲ್ಲಿ ಮಾನ್ಯತೆ ರದ್ದಾಯಿತು. ಇದನ್ನು ಇಲ್ಲಿನ ವೈದ್ಯರು ರಾಷ್ಟ್ರದ ಮಾನದ ಪ್ರಶ್ನೆಯೆಂದು ಭಾವಿಸಿದರು. ೧೯೩೩ರಲ್ಲಿ ಭಾರತಕ್ಕೆ ತನ್ನದೇ ಆದ ಮೆಡಿಕಲ್ ಕೌನ್ಸಿಲನ್ನು ಸ್ಥಾಪಿಸುವ ಶಾಸನವಾಯಿತು. ೧೯೩೬ರಲ್ಲಿ ಲಂಡನ್ನಿನ ಮಾನ್ಯತೆ ಮರಳಿ ಬಂದಿತು.

ಅದು ಗೆಲುವೇ ಸರಿ. ಆದರೆ ಆ ಗೆಲುವಿನ ಕ್ರಯವನ್ನು ತೆತ್ತವರು ಬೇರೆ. ೧೯೩೩ರ ಶಾಸನವು ಪದವೀಧರರಾದ ವೈದ್ಯರನ್ನು ಮಾತ್ರ ಗಣನೆಗೆ ತೆಗೆದುಕೊಂಡಿತು. ಆ ಕಾಲಕ್ಕೆ ದೇಶದ ವೈದ್ಯರಲ್ಲಿ ಬಹುಮಂದಿ ಪದವೀಧರರಾಗಿರಲಿಲ್ಲ. ಅವರು ಮೆಡಿಕಲ್ ಸ್ಕೂಲುಗಳಲ್ಲಿ ನಾಲ್ಕು ವರ್ಷ ಓದಿ ಸನ್ನದು ಪಡೆದ ಲೈಸೆನ್ಷಿಯೇಟರು. ಕನ್ನಡನಾಡಿನ ಹಳೆಯ ತಲೆಮಾರಿನವರು ಇವರನ್ನು 'ಎಲ್. ಎಂ. ಪಿ. ಡಾಕ್ಟರು' ಎಂದೇ ಕರೆಯುತ್ತಿದ್ದರು. ತಾಲ್ಲೂಕಿನ ಆಸ್ಪತ್ರೆಯಲ್ಲಿ ಕುಳಿತು, ಮಲೇರಿಯಾ ಜ್ವರಕ್ಕೆ ಕ್ವಿನೈನು ಕೊಟ್ಟು, ಪ್ಲೇಗಿನ ಗಡ್ಡೆಯನ್ನು ಕೊಯ್ದು, ಕಾಲರಾ ಬಂದ ಹಳ್ಳಿಗೆ ಎತ್ತಿನ ಗಾಡಿಯಲ್ಲಿ ಹೋಗಿ ಬಾವಿಗೆ ಔಷಧ ಹಾಕಿಸುತ್ತಿದ್ದವರು ಅವರು. ಲಂಡನ್ನಿನ ರಿಜಿಸ್ಟರಿನಲ್ಲಿ ಅವರಿಗೆ ಸ್ಥಳವಿರಲಿಲ್ಲ. ಈಗ ಸ್ವದೇಶದ ಅಖಿಲಭಾರತ ಸಭೆಯ ಲೆಕ್ಕದಲ್ಲಿಯೂ ಅವರು ಸೇರಲಿಲ್ಲ. ವಿಲಾಯಿತಿಯಲ್ಲಿ ಯಾವುದು ಸಲ್ಲುವುದೋ ಅದೇ ವಿದ್ಯೆ, ಸಲ್ಲದಿದ್ದುದು ಅರೆವಿದ್ಯೆ ಎಂಬ ಅಳತೆಯ ಕೋಲನ್ನು ಹೀಗೆ ಸ್ವಾಭಿಮಾನದ ಹೋರಾಟದಲ್ಲಿಯೇ ಸ್ವೀಕರಿಸಿದಂತಾಯಿತು.

ಇತ್ತ ಈ ವಿವಾದ ನಡೆಯುತ್ತಿದ್ದ ವರ್ಷಗಳಲ್ಲಿಯೇ ಅತ್ತ ಲಂಡನ್ನಿನಲ್ಲಿ ಒಬ್ಬ ಪಂಜಾಬಿನ ವೈದ್ಯರು ಬೇರೊಂದು ಬಗೆಯ ಕೆಲಸವನ್ನು ಮಾಡುತ್ತಿದ್ದರು. ಅವರು ಡಾಕ್ಟರ್ ಚುನಿಲಾಲ್ ಕತಿಯಾಲ್. ಲಾಹೋರಿನಲ್ಲಿ ಓದಿ, ವಿಲಾಯಿತಿಗೆ ಹೋಗಿ, ಲಂಡನ್ನಿನ ಪೂರ್ವಭಾಗದಲ್ಲಿ ಹಡಗುಕಟ್ಟೆಯ ಕೂಲಿಕಾರರು ವಾಸಿಸುತ್ತಿದ್ದ ಕ್ಯಾನಿಂಗ್ ಟೌನ್ ಎಂಬ ಕೇರಿಯಲ್ಲಿ ವೈದ್ಯವೃತ್ತಿಯನ್ನಾರಂಭಿಸಿದರು. ದುಂಡುಮೇಜಿನ ಪರಿಷತ್ತಿಗಾಗಿ ೧೯೩೧ರಲ್ಲಿ ಲಂಡನ್ನಿಗೆ ಹೋಗಿದ್ದ ಮಹಾತ್ಮಾ ಗಾಂಧಿಯವರಿಗೂ ಚಲಚ್ಚಿತ್ರದ ಚಾರ್ಲಿ ಚಾಪ್ಲಿನ್ನರಿಗೂ ಭೇಟಿಯಾದುದು ಇವರ ಮನೆಯಲ್ಲಿಯೇ. ಪತ್ರಿಕೆಗಳು ಆ ಭೇಟಿಯನ್ನು ಮಾತ್ರ ನೆನೆದವು. ಮನೆಯ ಯಜಮಾನರು ಮಾಡಿದ ಕಾರ್ಯ ಅದಕ್ಕಿಂತ ದೊಡ್ಡದು. ಮುಂದೆ ಅವರು ಫಿನ್ಸ್‌ಬರಿಯೆಂಬ ಬಡವಾಡೆಯ ಪೌರಸಭೆಯ ಸದಸ್ಯರಾಗಿ, ಆರೋಗ್ಯ ಸಮಿತಿಯ ಅಧ್ಯಕ್ಷರಾಗಿ, ಚದರಿಹೋಗಿದ್ದ ಚಿಕಿತ್ಸಾವಿಭಾಗಗಳನ್ನೆಲ್ಲ ಒಂದೇ ಸೂರಿನಡಿ ತಂದರು. ಕ್ಷಯರೋಗದ ಪರೀಕ್ಷೆ, ಹಲ್ಲಿನ ಚಿಕಿತ್ಸೆ, ತಾಯಿಮಕ್ಕಳ ಆರೈಕೆ ಮೊದಲಾದವು ಒಂದೆಡೆ ದೊರೆಯುವ ಫಿನ್ಸ್‌ಬರಿ ಆರೋಗ್ಯಕೇಂದ್ರವು ೧೯೩೮ರಲ್ಲಿ ತೆರೆಯಿತು. ಅದೇ ವರ್ಷ ಕತಿಯಾಲರು ಆ ಪೌರಸಭೆಯ ಮೇಯರಾದರು. ಬ್ರಿಟನ್ನಿನಲ್ಲಿ ಆ ಪದವಿಯನ್ನು ಪಡೆದ ದಕ್ಷಿಣ ಏಷ್ಯದವರಲ್ಲಿ ಅವರೇ ಮೊದಲಿಗರು. ಬೆವನ್ನರ ಆರೋಗ್ಯಸೇವೆಗೆ ಹತ್ತು ವರ್ಷ ಮೊದಲೇ ಅದರದೊಂದು ಸಣ್ಣ ಮಾದರಿಯನ್ನು ಕಟ್ಟಿ ತೋರಿಸಿದವರಲ್ಲಿ ಒಬ್ಬ ಭಾರತೀಯರಿದ್ದರೆಂಬುದನ್ನು ಮರೆಯತಕ್ಕದ್ದಲ್ಲ. ಸ್ವಾತಂತ್ರ್ಯ ಬಂದ ಮೇಲೆ ಅವರು ಹಿಂದಿರುಗಿದರು. ೧೯೪೮ರಿಂದ ೧೯೫೩ರವರೆಗೆ ಕಾರ್ಮಿಕರ ರಾಜ್ಯ ವಿಮಾ ನಿಗಮದ ಮುಖ್ಯಾಧಿಕಾರಿಯಾಗಿದ್ದರು. ಈ ದೇಶದ ಕಾರ್ಖಾನೆಯ ಕೂಲಿಕಾರನು 'ಇ. ಎಸ್. ಐ. ಆಸ್ಪತ್ರೆ'ಯೆಂದು ಕರೆಯುವ ಏರ್ಪಾಡು ಅವರ ಅವಧಿಯಲ್ಲಿ, ೧೯೫೨ರಲ್ಲಿ, ಕಾನ್ಪುರ ದೆಹಲಿಗಳಲ್ಲಿ ಮೊದಲಾಯಿತು. ಕಡಲಾಚೆ ಕಲಿತುದನ್ನು ಹೀಗೆ ಹೊತ್ತು ತಂದು ಊರಿಗೆ ಒಪ್ಪಿಸಿದವರು ಬೆರಳೆಣಿಕೆಯಷ್ಟು ಮಂದಿ.

ಈ ನಡುವೆ ಭಾರತದ ಆರೋಗ್ಯವನ್ನು ಕುರಿತು ಒಂದು ಮಹಾಸಮೀಕ್ಷೆ ನಡೆಯಿತು. ಸರ್ ಜೋಸೆಫ್ ಭೋರ್ ಅವರ ಅಧ್ಯಕ್ಷತೆಯಲ್ಲಿ ೧೯೪೩ರಲ್ಲಿ ನೇಮಕವಾದ ಸಮಿತಿಯು ೧೯೪೬ರಲ್ಲಿ ತನ್ನ ವರದಿಯನ್ನೊಪ್ಪಿಸಿತು. ಬ್ರಿಟಿಷ್ ಇಂಡಿಯದಲ್ಲಿ ೬,೩೦೦ ಜನರಿಗೆ ಒಬ್ಬ ವೈದ್ಯ, ೪೩,೦೦೦ ಜನರಿಗೆ ಒಬ್ಬ ದಾದಿ, ೬೦,೦೦೦ ಜನರಿಗೆ ಒಬ್ಬ ಸೂಲಗಿತ್ತಿ ಇದ್ದರೆಂದು ಅದು ತಿಳಿಸಿತು. ಬ್ರಿಟನ್ನಿನಲ್ಲಾದರೋ ಸಾವಿರ ಜನರಿಗೆ ಒಬ್ಬ ವೈದ್ಯ, ಮುನ್ನೂರು ಜನರಿಗೆ ಒಬ್ಬ ದಾದಿ. ಭಾರತದ ರಿಜಿಸ್ಟರುಗಳಲ್ಲಿದ್ದ ಸುಮಾರು ೪೭,೫೦೦ ವೈದ್ಯರಲ್ಲಿ ಐದರಲ್ಲಿ ಮೂರು ಪಾಲಿಗಿಂತ ಹೆಚ್ಚು ಮಂದಿ ಲೈಸೆನ್ಷಿಯೇಟರು. ಇಷ್ಟನ್ನೂ ಎಣಿಸಿ ಬರೆದ ಸಮಿತಿಯು, ಹಳ್ಳಿಯ ಮೂರು ಮೂರು ತಲೆಮಾರುಗಳನ್ನು ನೋಡಿಕೊಂಡ ಆ ವರ್ಗವನ್ನು ನಿಲ್ಲಿಸಿ, ಇನ್ನು ಮುಂದೆ ವಿಶ್ವವಿದ್ಯಾನಿಲಯದ ಪದವಿ ಪಡೆದ ಒಂದೇ ಬಗೆಯ ವೈದ್ಯನನ್ನು ತಯಾರಿಸತಕ್ಕದ್ದೆಂದು ಬಹುಮತದಿಂದ ಸಲಹೆ ಮಾಡಿತು. ಕೆಲವು ಸದಸ್ಯರು ಭಿನ್ನಾಭಿಪ್ರಾಯವನ್ನು ಸೂಚಿಸಿದರು. ವೈದ್ಯರ ಸಂಖ್ಯೆಯೇ ಇಷ್ಟು ಕಡಿಮೆಯಿರುವಾಗ ಅಲ್ಪಾವಧಿಯ ಶಿಕ್ಷಣವನ್ನು ಕೆಲವು ಕಾಲವಾದರೂ ಉಳಿಸಬೇಕೆಂಬುದು ಅವರ ವಾದ. ಆ ವಾದ ಸೋತಿತು. ಸ್ವಾತಂತ್ರ್ಯಾನಂತರದ ಕೆಲವೇ ವರ್ಷಗಳಲ್ಲಿ ಮೆಡಿಕಲ್ ಸ್ಕೂಲುಗಳು ಮುಚ್ಚಿದುವು, ಇಲ್ಲವೆ ಕಾಲೇಜುಗಳಾದುವು.

ಬಹುಮತದವರ ಉದ್ದೇಶವನ್ನು ಹೀನಾಯವಾಗಿ ಕಾಣುವುದು ಅನ್ಯಾಯ. ಬಡವನಿಗೊಂದು ವೈದ್ಯ, ಧನಿಕನಿಗೊಂದು ವೈದ್ಯ ಎಂಬ ಭೇದ ಬೇಡವೆಂಬುದು ಅವರ ಆಶಯವಾಗಿದ್ದಿತು, ಉದಾತ್ತವಾದ ಆಶಯವೇ. ಆದರೆ ಫಲವು ಆಶಯವನ್ನನುಸರಿಸಲಿಲ್ಲ. ಎಲ್. ಎಂ. ಪಿ.ಯ ಸನ್ನದು ಮದರಾಸಿನ ಸಮುದ್ರತೀರವನ್ನು ದಾಟಿದರೆ ಬರಿಯ ಕಾಗದ, ಎಂ. ಬಿ. ಬಿ. ಎಸ್. ಪದವಿಯಾದರೋ ಲಂಡನ್ನಿನ ಬ್ಯಾಂಕಿನಲ್ಲಿಯೂ ಸಲ್ಲುವ ಹುಂಡಿ. ಊರನ್ನು ಬಿಟ್ಟು ಹೋಗಲಾಗದ ವೈದ್ಯನನ್ನು ನಿಲ್ಲಿಸಿ, ಎಲ್ಲಿಗೆ ಬೇಕಾದರೂ ಹೋಗಬಲ್ಲ ವೈದ್ಯನನ್ನು ಮಾತ್ರ ತಯಾರಿಸುವೆವೆಂದು ದೇಶವು ನಿಶ್ಚಯಿಸಿದುದು, ವೈದ್ಯರಿಗಾಗಿ ಬ್ರಿಟನ್ನು ಕೈಚಾಚುವುದಕ್ಕೆ ಕೆಲವೇ ವರ್ಷ ಮುಂಚೆ.

ಕೈಚಾಚಬೇಕಾದುದು ಏಕೆ? ಉಚಿತ ಚಿಕಿತ್ಸೆ ಬಂದೊಡನೆ, ಹಣವಿಲ್ಲದೆ ವರ್ಷಗಟ್ಟಲೆ ನೋವನ್ನು ಸಹಿಸಿಕೊಂಡಿದ್ದ ಜನರು ಆಸ್ಪತ್ರೆಗಳಿಗೆ ನುಗ್ಗಿದರು. ಕೆಲಸ ಹೆಚ್ಚಿದ ಕಾಲದಲ್ಲಿಯೇ ಸರ್ಕಾರದ ಲೆಕ್ಕ ತಪ್ಪಿತು. ೧೯೫೭ರಲ್ಲಿ ವರದಿ ಮಾಡಿದ ವಿಲಿಂಕ್ ಸಮಿತಿಯು, ದೇಶದಲ್ಲಿ ವೈದ್ಯರು ಅಗತ್ಯಕ್ಕಿಂತ ಹೆಚ್ಚಾಗುವರೆಂದು ಹೆದರಿ, ವೈದ್ಯಕಾಲೇಜುಗಳಿಗೆ ಸೇರುವ ವಿದ್ಯಾರ್ಥಿಗಳ ಸಂಖ್ಯೆಯನ್ನು ಸುಮಾರು ಹತ್ತರಲ್ಲೊಂದು ಪಾಲು ಇಳಿಸಬೇಕೆಂದು ಹೇಳಿತು. ಅತ್ತ ಬ್ರಿಟಿಷ್ ವೈದ್ಯರೇ ಹೆಚ್ಚಿನ ಸಂಬಳವನ್ನರಸಿ ಅಮೆರಿಕ, ಕೆನಡ, ಆಸ್ಟ್ರೇಲಿಯಗಳಿಗೆ ಹೊರಟರು. ವಿದ್ವಾಂಸರು ಹೀಗೆ ದೇಶ ಬಿಟ್ಟು ಹೋಗುವುದನ್ನು ಕುರಿತು ಲಂಡನ್ನಿನ ರಾಯಲ್ ಸೊಸೈಟಿಯು ೧೯೬೩ರಲ್ಲಿ ವರದಿಯನ್ನು ಪ್ರಕಟಿಸಿತು. 'ಬ್ರೇನ್ ಡ್ರೇನ್' ಎಂಬ ಮಾತು ಬಳಕೆಗೆ ಬಂದುದು ಆ ಸಂದರ್ಭದಲ್ಲಿ. ಇಂದು ಭಾರತದಂತಹ ದೇಶಗಳ ವಿಷಯದಲ್ಲಿ ಎಲ್ಲರೂ ಆಡುವ ಆ ಮಾತು ಹುಟ್ಟಿದುದು ಬ್ರಿಟನ್ನು ತನಗಾಗಿ ತಾನು ಅತ್ತಾಗ ಎಂಬುದು ವಿನೋದ. ತಾನು ಕಳೆದುಕೊಂಡುದಕ್ಕೆ ಹೆಸರಿಟ್ಟ ದೇಶವು ತಾನು ಎಳೆದುಕೊಂಡುದಕ್ಕೆ ಹೆಸರಿಡಲಿಲ್ಲ.

ತೆರವಾದ ಸ್ಥಾನಗಳಿಗೆ ಬಂದವರು ಭಾರತ, ಪಾಕಿಸ್ತಾನ, ಸಿಂಹಳಗಳ ತರುಣ ವೈದ್ಯರು. ೧೯೬೦ರ ಹೊತ್ತಿಗೆ ಆಸ್ಪತ್ರೆಗಳ ಕಿರಿಯ ವೈದ್ಯರಲ್ಲಿ ಮೂರರಲ್ಲೊಂದು ಪಾಲಿನಷ್ಟು, ಇಲ್ಲವೆ ಅದಕ್ಕೂ ಹೆಚ್ಚು, ಈ ದೇಶಗಳವರೇ ಆಗಿದ್ದರೆಂದು ಅಂದಾಜು. ಪ್ರಸಿದ್ಧ ವೈದ್ಯರಾದ ಲಾರ್ಡ್ ಕೋಹೆನ್ ಎಂಬವರು ೧೯೬೧ರಲ್ಲಿ ಪ್ರಭುಗಳ ಸಭೆಯಲ್ಲಿ ಮಾತನಾಡುತ್ತ, ಇವರು ಬಾರದಿದ್ದರೆ ಆರೋಗ್ಯಸೇವೆಯು ಕುಸಿದು ಬೀಳುತ್ತಿತ್ತೆಂದು ಒಪ್ಪಿಕೊಂಡರು. ೧೯೬೦ರಿಂದ ೧೯೬೩ರವರೆಗೆ ಆರೋಗ್ಯಮಂತ್ರಿಯಾಗಿದ್ದವರು ಈನಕ್ ಪವೆಲ್. ದೊಡ್ಡ ಆಸ್ಪತ್ರೆಗಳನ್ನು ಕಟ್ಟಿಸುವ ೧೯೬೨ರ ಯೋಜನೆ ಅವರದು. ಹೊರಗಿನ ವೈದ್ಯರಿಲ್ಲದೆ ಆ ಮಂತ್ರಿಯ ಆಸ್ಪತ್ರೆಗಳು ಒಂದು ದಿನವೂ ನಡೆಯುವಂತಿರಲಿಲ್ಲ. ಅವರೇ ೧೯೬೮ರ ಏಪ್ರಿಲಿನಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ನಿಂತು, ವಲಸೆ ಬಂದವರಿಂದ ದೇಶಕ್ಕೆ ಅನರ್ಥವಾಗುವುದೆಂದು ಭಾಷಣ ಮಾಡಿ ತಮ್ಮ ಪಕ್ಷದ ಮುಂದಾಳುಗಳ ಸಾಲಿನಿಂದ ಹೊರಬಿದ್ದರು. ಪವೆಲರು ಗ್ರೀಕ್ ಭಾಷೆಯಲ್ಲಿ ದೊಡ್ಡ ಪಂಡಿತರೂ ಹೌದು. ಪಾಂಡಿತ್ಯವು ಎಲ್ಲವನ್ನೂ ಕಲಿಸಲಾರದು.

ಹೋದವರ ಮನಸ್ಸಿನಲ್ಲಿದ್ದುದು ವಲಸೆಯಲ್ಲ. ಎಫ್. ಆರ್. ಸಿ. ಎಸ್., ಎಂ. ಆರ್. ಸಿ. ಪಿ. ಎಂಬ ಅಕ್ಷರಗಳನ್ನು ಹೆಸರಿನ ಮುಂದೆ ಸೇರಿಸಿಕೊಂಡು ಮೂರು ನಾಲ್ಕು ವರ್ಷಗಳಲ್ಲಿ ಹಿಂದಿರುಗಿದರೆ, ಊರಿನಲ್ಲಿ ಪ್ರೊಫೆಸರ ಹುದ್ದೆಯಾಗಲಿ ಕೈತುಂಬ ವೃತ್ತಿಯಾಗಲಿ ದೊರೆಯುವುದೆಂಬ ಭರವಸೆ ಅವರದು. ಸ್ವತಂತ್ರ ಭಾರತದಲ್ಲಿಯೂ ಆ ಅಕ್ಷರಗಳಿಗಿದ್ದ ಬೆಲೆ ಇಳಿದಿರಲಿಲ್ಲವಷ್ಟೆ. ಆದರೆ ಅಲ್ಲಿ ಹೋಗಿ ನೋಡಿದರೆ ಹೆಸರಾಂತ ಬೋಧನಾಸ್ಪತ್ರೆಗಳ ಒಳ್ಳೆಯ ಸ್ಥಾನಗಳು ಸ್ಥಳೀಯರಿಗೆ ಮೀಸಲೆಂಬಂತಿದ್ದುವು. ಆರು ತಿಂಗಳು ಒಂದು ಊರು, ಇನ್ನಾರು ತಿಂಗಳು ಮತ್ತೊಂದು ಊರು. ಹಗಲೂ ರಾತ್ರಿಯೂ ವಾರ್ಡಿನ ದುಡಿಮೆ. ಓದಲು ಬಿಡುವಿಲ್ಲ, ಓದದೆ ಪರೀಕ್ಷೆಯಿಲ್ಲ. ಮೂರು ವರ್ಷ ಆರಾಯಿತು, ಮಕ್ಕಳು ಶಾಲೆಗೆ ಸೇರಿದರು, ಇಲ್ಲಿ ತಂದೆತಾಯಿಗಳು ಕಾದು ಕಾದು ಹಣ್ಣಾದರು.

ಶಸ್ತ್ರವೈದ್ಯರಾಗಬೇಕೆಂದು ಹೋದವರನ್ನು ಬ್ರಿಟಿಷ್ ವೈದ್ಯರು ಮೂಗುಮುರಿಯುತ್ತಿದ್ದ ಶಾಖೆಗಳು ಬರಮಾಡಿಕೊಂಡವು. ಅವುಗಳಲ್ಲಿ ಮುಖ್ಯವಾದದ್ದು ವೃದ್ಧರ ಚಿಕಿತ್ಸೆ. ದಿಕ್ಕಿಲ್ಲದ ಬಡವರನ್ನಿಟ್ಟು ದುಡಿಸುತ್ತಿದ್ದ ಹಳೆಯ ವರ್ಕ್‌ಹೌಸುಗಳ ರೋಗಿಶಾಲೆಗಳಲ್ಲಿ, ಏಳಲಾಗದ ಮುದುಕರು ಸಾಲು ಮಂಚಗಳ ಮೇಲೆ ಮರಣವನ್ನೇ ಎದುರುನೋಡುತ್ತ ಬಿದ್ದಿರುತ್ತಿದ್ದರು. ಅವರನ್ನು ಎಬ್ಬಿಸಿ ನಡೆಯಿಸಬಹುದೆಂದು ಮಾರ್ಜರಿ ವಾರನ್ ಎಂಬ ವೈದ್ಯೆಯು ೧೯೩೦ರ ದಶಕದಿಂದ ತೋರಿಸಿಕೊಟ್ಟಿದ್ದರೂ ಆ ಕೆಲಸಕ್ಕೆ ಮನಸ್ಸು ಮಾಡುವ ತರುಣರು ವಿರಳ. ಕೊನೆಗೆ ಆ ಶಾಖೆಯನ್ನು ಬೆಳೆಸಿದವರಲ್ಲಿ ದಕ್ಷಿಣ ಏಷ್ಯದ ವೈದ್ಯರ ಪಾಲು ಬಹಳ ದೊಡ್ಡದು. ತಮ್ಮ ಮನೆಯ ವೃದ್ಧರನ್ನು ಸಾವಿರಾರು ಮೈಲಿಗಳಾಚೆ ಬಿಟ್ಟುಬಂದವರು ಪರರ ವೃದ್ಧರ ಸೇವೆಯಲ್ಲಿ ಆಯುಸ್ಸನ್ನು ಕಳೆದರು. ಮಾನಸಿಕ ರೋಗಗಳ ಆಸ್ಪತ್ರೆಗಳ ಕಥೆಯೂ ಇದಕ್ಕೆ ದೂರವಲ್ಲ. ಉಳಿದವರು ಕುಟುಂಬವೈದ್ಯರಾಗಿ, ಬ್ರಿಟಿಷ್ ತರುಣರು ಹೋಗಲೊಲ್ಲದ ಊರುಗಳಿಗೆ ಹೋದರು: ವೇಲ್ಸಿನ ಕಲ್ಲಿದ್ದಲ ಕಣಿವೆಗಳು, ಲ್ಯಾಂಕಷೈರಿನ ಹತ್ತಿಗಿರಣಿಗಳ ಪಟ್ಟಣಗಳು, ಲಂಡನ್ನಿನ ಪೂರ್ವದ ಕೇರಿಗಳು. ವೇಲ್ಸಿನ ಗಣಿಯೂರೊಂದರಲ್ಲಿ ವೈದ್ಯರಾಗಿದ್ದ ಜೂಲಿಯನ್ ಟ್ಯೂಡರ್ ಹಾರ್ಟ್ ಎಂಬವರು ೧೯೭೧ರಲ್ಲಿ ಒಂದು ಪ್ರಸಿದ್ಧ ಲೇಖನವನ್ನು ಬರೆದು, ಚಿಕಿತ್ಸೆಯ ಅಗತ್ಯ ಎಲ್ಲಿ ಹೆಚ್ಚೋ ಅಲ್ಲಿಯೇ ಒಳ್ಳೆಯ ಚಿಕಿತ್ಸೆ ದುರ್ಲಭವೆಂಬ ವಿಪರೀತ ನ್ಯಾಯವನ್ನು ಎತ್ತಿ ತೋರಿಸಿದರು. ಆ ನ್ಯಾಯವು ಪೂರ್ಣವಾಗಿ ನಡೆಯದಂತೆ ಕಣಿವೆಗಳಲ್ಲಿ ತಡೆದು ನಿಂತವರಲ್ಲಿ ಅನೇಕರು ಭಾರತೀಯರು. ಗಣಿಯ ಧೂಳಿನಿಂದ ಶ್ವಾಸಕೋಶ ಕಲ್ಲಾದವನ ಎದೆಗೆ ಕೊಳವೆಯನ್ನಿಟ್ಟು ಕೇಳಿದವರು ಅವರು.

ದಾದಿಯರ ವಿಷಯದಲ್ಲಿ ನಡೆದ ಅನ್ಯಾಯ ಇನ್ನೊಂದು ಬಗೆಯದು. ಐರ್ಲೆಂಡಿನಿಂದಲೂ, ಜಮೈಕ ಬಾರ್ಬಡೋಸ್ ಮೊದಲಾದ ದ್ವೀಪಗಳಿಂದಲೂ ತರುಣಿಯರನ್ನು ಕರೆತಂದರು. ಅಲ್ಲಿ ದಾದಿಯರ ಶಿಕ್ಷಣದಲ್ಲಿ ಎರಡು ತರಗತಿ. ಮೂರು ವರ್ಷದ್ದು ಮೇಲಿನದು, ಎರಡು ವರ್ಷದ್ದು ಕೆಳಗಿನದು. ದ್ವೀಪಗಳಿಂದ ಬಂದ ಅನೇಕರನ್ನು, ಭೇದವನ್ನು ವಿವರಿಸದೆಯೇ, ಕೆಳಗಿನದಕ್ಕೆ ಸೇರಿಸಿದರು. ಆ ಪ್ರಮಾಣಪತ್ರಕ್ಕೆ ಅವರ ಸ್ವದೇಶದಲ್ಲಿ ಮಾನ್ಯತೆಯಿರಲಿಲ್ಲ. ಭಾರತೀಯ ವೈದ್ಯನ ಕಾಗದವು ಅವನನ್ನು ಹೊರಕ್ಕೆ ಕಳುಹಿಸಿತು. ಆ ದಾದಿಯರ ಕಾಗದವು ಅವರನ್ನು ಹಿಂದಕ್ಕೆ ಹೋಗಗೊಡಲಿಲ್ಲ.

೧೯೭೦ರ ದಶಕದಲ್ಲಿ ಗಾಳಿ ತಿರುಗಿತು. ಆ ವೇಳೆಗೆ ಬ್ರಿಟನ್ನಿನಲ್ಲಿ ಹೊಸ ವೈದ್ಯಕಾಲೇಜುಗಳಾಗಿದ್ದುವು; ಹೊರಗಿನವರು ಬೇಕಾಗಿದ್ದ ಕಾಲದಲ್ಲಿ ಕಾಣದ ದೋಷಗಳು ಈಗ ಕಾಣತೊಡಗಿದುವು. ೧೯೭೫ರಲ್ಲಿ ಪ್ರಕಟವಾದ ಮೆರಿಸನ್ ಸಮಿತಿಯ ವರದಿಯು ಪರದೇಶದ ವೈದ್ಯರಲ್ಲಿ ಕೆಲವರ ಸಾಮರ್ಥ್ಯವು ಸಾಲದೆಂದು ಹೇಳಿತು. ಅದೇ ವರ್ಷ ಲಂಡನ್ನಿನ ಕೌನ್ಸಿಲು ಭಾರತದ ಪದವಿಗಳ ಮಾನ್ಯತೆಯನ್ನು ಎರಡನೆಯ ಬಾರಿ ಕಿತ್ತುಕೊಂಡು, ಬರುವವರಿಗೆ ಭಾಷೆಯಲ್ಲಿಯೂ ವೈದ್ಯದಲ್ಲಿಯೂ ಪರೀಕ್ಷೆಯನ್ನಿಟ್ಟಿತು. ತರುವಾಯ ಭಾರತದ ಕೌನ್ಸಿಲು ಬ್ರಿಟಿಷ್ ಪದವಿಗಳನ್ನು ಅಮಾನ್ಯ ಮಾಡಿ ಮಾನವನ್ನುಳಿಸಿಕೊಂಡಿತು. ಅದರಿಂದ ನಷ್ಟವಾದುದು ಬ್ರಿಟಿಷರಿಗಲ್ಲ. ಅಲ್ಲಿ ಓದಿ ಊರಿಗೆ ಬರಬೇಕೆಂದಿದ್ದವರಿಗೆ. ಪರೀಕ್ಷೆಯೇ ತಪ್ಪೆಂದು ಹೇಳುವಂತಿಲ್ಲ. ರೋಗಿಯ ಜೀವವನ್ನು ಕೈಯಲ್ಲಿ ಹಿಡಿಯುವವನನ್ನು ಪರೀಕ್ಷಿಸತಕ್ಕದ್ದೇ. ಆದರೆ ಇಪ್ಪತ್ತೈದು ವರ್ಷ ಪರೀಕ್ಷಿಸದೆ ದುಡಿಸಿಕೊಂಡುದು ಏಕೆಂಬ ಪ್ರಶ್ನೆಗೆ ಆ ವರದಿಯಲ್ಲಿ ತೃಪ್ತಿಕರವಾದ ಉತ್ತರವಿಲ್ಲ. ೧೯೭೯ರಲ್ಲಿ ರಾಜಕೀಯ ಆಯೋಗವೊಂದು ಲೆಕ್ಕ ಹಾಕಿದಾಗ, ಬ್ರಿಟನ್ನಿನ ಹೊರಗೆ ಹುಟ್ಟಿದ ವೈದ್ಯರು ಅಲ್ಲಿ ೧೮,೦೦೦ದಿಂದ ೨೦,೦೦೦ದಷ್ಟಿದ್ದು, ಅವರಲ್ಲಿ ಅರ್ಧದಷ್ಟು ಮಂದಿ ಭಾರತ ಪಾಕಿಸ್ತಾನಗಳವರೆಂದು ಕಂಡಿತು.

ಅನಂತರದ ಕಥೆಯನ್ನು ಸಂಕ್ಷೇಪವಾಗಿ ಹೇಳಬಹುದು. ೧೯೮೫ರಲ್ಲಿ ವಲಸೆಯ ನಿಯಮಗಳು ಬಿಗಿಯಾದುವು. ೧೯೯೩ರಲ್ಲಿ ಇಬ್ಬರು ವೈದ್ಯರು, ವಿದ್ಯೆ ಅನುಭವಗಳಲ್ಲಿ ಸಮಾನರಾದ ಕಲ್ಪಿತ ಅಭ್ಯರ್ಥಿಗಳ ಅರ್ಜಿಗಳನ್ನು, ಕೆಲವಕ್ಕೆ ಆಂಗ್ಲ ಹೆಸರನ್ನೂ ಕೆಲವಕ್ಕೆ ಏಷ್ಯದ ಹೆಸರನ್ನೂ ಇಟ್ಟು ಆಸ್ಪತ್ರೆಗಳಿಗೆ ಕಳುಹಿಸಿದರು. ಆಂಗ್ಲ ಹೆಸರಿನವರಿಗೆ ಎರಡರಷ್ಟು ಕರೆ ಬಂದಿತು. ಈ ಪರೀಕ್ಷೆಯನ್ನು ನಡೆಸಿದವರೇ ವಂಚನೆಯ ಆಪಾದನೆಯ ಮೇಲೆ ಪೋಲೀಸರ ವಿಚಾರಣೆಗೆ ಗುರಿಯಾದರು. ೨೦೦೬ರಲ್ಲಿ ಮತ್ತೊಮ್ಮೆ ನಿಯಮಗಳು ಥಟ್ಟನೆ ಬದಲಾಗಿ, ಸಾಲ ಮಾಡಿ ಹೋಗಿದ್ದ ಸಾವಿರಾರು ತರುಣರು ನಡುಬೀದಿಯಲ್ಲಿ ನಿಂತಂತಾಯಿತು. ಅಲ್ಲಿನ ಭಾರತೀಯ ವೈದ್ಯರ ಸಂಘವು ನ್ಯಾಯಾಲಯಕ್ಕೆ ಹೋಗಿ, ೨೦೦೮ರಲ್ಲಿ ಪ್ರಭುಗಳ ಸಭೆಯ ನ್ಯಾಯಪೀಠದಲ್ಲಿ ಗೆದ್ದಿತು. ಬೇಕಾದಾಗ ತೆರೆಯುವುದು, ಸಾಕಾದಾಗ ಮುಚ್ಚುವುದು; ೧೮೫೮ರ ಪುಸ್ತಕದ ಬೀಗದ ಕೈ ಎಂದೂ ಕೈ ಬದಲಾಯಿಸಲಿಲ್ಲ.

ಇನ್ನು ಈ ಕಡೆಯ ಲೆಕ್ಕ. ಸರ್ಕಾರಿ ವೈದ್ಯಕಾಲೇಜಿನಲ್ಲಿ ವಿದ್ಯಾರ್ಥಿಯು ತೆರುತ್ತಿದ್ದ ಶುಲ್ಕ ಅವನ ಶಿಕ್ಷಣದ ವೆಚ್ಚದಲ್ಲಿ ಒಂದು ಸಣ್ಣ ಅಂಶ. ಮಿಕ್ಕುದು ಕಂದಾಯ, ಅಬಕಾರಿ, ಮಾರಾಟದ ತೆರಿಗೆಗಳಿಂದ ಬಂದುದು. ಅಂದರೆ ಬೆಂಕಿಪೆಟ್ಟಿಗೆ ಸೀಮೆಎಣ್ಣೆಗಳನ್ನು ಕೊಂಡ ಹಳ್ಳಿಯವನೂ ಅದರಲ್ಲಿ ಪಾಲುಗಾರ. ಮೈಸೂರಿನ ಕಾಲೇಜು ೧೯೨೪ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ ೧೯೩೦ರಲ್ಲಿ ಮೈಸೂರಿಗೆ ಹೋಯಿತು. ಮಣಿಪಾಲದಲ್ಲಿ ೧೯೫೩ರಲ್ಲಿಯೂ, ಬೆಂಗಳೂರಿನಲ್ಲಿ ೧೯೫೫ರಲ್ಲಿಯೂ, ಹುಬ್ಬಳ್ಳಿಯಲ್ಲಿ ೧೯೫೭ರಲ್ಲಿಯೂ ಕಾಲೇಜುಗಳಾದುವು. ಬೆಳಗಾವಿ, ಕಲಬುರ್ಗಿ, ದಾವಣಗೆರೆಗಳು ೧೯೬೦ರ ದಶಕದಲ್ಲಿ ಸೇರಿದುವು. ಅಲ್ಲಿಂದ ಹೊರಬಂದವರಲ್ಲಿ ಎಷ್ಟೋ ಮಂದಿ ಬ್ರಿಟನ್ನಿನ ಪಟ್ಟಣಗಳಲ್ಲಿ ನೆಲೆಸಿದರು. ೧೯೮೩ರಲ್ಲಿ ಅಲ್ಲಿ ಹುಟ್ಟಿದ ಕನ್ನಡ ಬಳಗದ ಮುಂದಾಳುಗಳಲ್ಲಿ ವೈದ್ಯರೇ ಹೆಚ್ಚು. ಯುಗಾದಿ ದೀಪಾವಳಿಗಳಿಗೆ ಅವರು ಸೇರಿ ಕನ್ನಡ ಹಾಡುಗಳನ್ನು ಹಾಡುವುದು ಸಂತೋಷದ ವಿಷಯ. ಬ್ರಿಟನ್ನು ಬಾಗಿಲನ್ನು ಮುಚ್ಚುತ್ತಿದ್ದಂತೆ ಅಮೆರಿಕದ ೧೯೬೫ರ ವಲಸೆ ಕಾನೂನು ಇನ್ನೊಂದು ಬಾಗಿಲನ್ನು ತೆರೆದಿದ್ದಿತು. ವಿಶ್ವ ಆರೋಗ್ಯ ಸಂಸ್ಥೆಯು ೧೯೭೦ರ ದಶಕದಲ್ಲಿ ನಡೆಸಿದ ಶೋಧನೆಯಂತೆ, ಲೋಕದ ವೈದ್ಯರಲ್ಲಿ ನೂರಕ್ಕೆ ಆರು ಮಂದಿ, ಸುಮಾರು ೧,೪೦,೦೦೦ ಜನ, ಪರದೇಶಗಳಲ್ಲಿದ್ದರು. ಅವರನ್ನು ಕಳುಹಿಸಿದ ದೇಶಗಳಲ್ಲಿ ಭಾರತವೇ ಮುಂದು. ದೆಹಲಿಯ ಅಖಿಲಭಾರತ ವೈದ್ಯವಿಜ್ಞಾನ ಸಂಸ್ಥೆಯಲ್ಲಿ ೧೯೮೯ರಿಂದ ೨೦೦೦ದವರೆಗೆ ಓದಿ ಹೊರಬಂದವರನ್ನು ಅನಂತರ ಹುಡುಕಿ ನೋಡಿದಾಗ ನೂರಕ್ಕೆ ೫೪ ಮಂದಿ ಹೊರದೇಶಗಳಲ್ಲಿದ್ದರು.

ಹೋಗದಿದ್ದರೆ ಇವರೆಲ್ಲ ಹಳ್ಳಿಗೆ ಹೋಗುತ್ತಿದ್ದರೆ? ಬಹುಮಂದಿ ಹೋಗುತ್ತಿರಲಿಲ್ಲವೆಂದೇ ಹೇಳಬೇಕು. ಔಷಧವಿಲ್ಲದ ಬೀರು, ಸೋರುವ ವಸತಿಗೃಹ, ತಿಂಗಳುಗಟ್ಟಲೆ ಬಾರದ ಸಂಬಳ, ಮಕ್ಕಳಿಗೆ ಶಾಲೆಯಿಲ್ಲದ ಊರು. ಇಂತಹ ಸ್ಥಳಕ್ಕೆ ಕಳುಹಿಸಿ, ದೇಶಾಭಿಮಾನವೊಂದನ್ನೇ ಉಂಡು ಬದುಕೆಂದರೆ ಯಾವ ತರುಣನೂ ನಿಲ್ಲಲಾರನು. ಮುಂಬಯಿಯಲ್ಲಿ ಉಳಿದ ವೈದ್ಯನೂ ಹಳ್ಳಿಯ ಪಾಲಿಗೆ ಲಂಡನ್ನಿನಲ್ಲಿದ್ದ ವೈದ್ಯನಷ್ಟೇ ದೂರ. ಹೋದವರು ಹಣವನ್ನು ಕಳುಹಿಸಿದರು. ಹುಟ್ಟಿದೂರಿನಲ್ಲಿ ಶಾಲೆ ಆಸ್ಪತ್ರೆಗಳನ್ನು ಕಟ್ಟಿಸಿದವರೂ ಉಂಟು. ಆದುದರಿಂದ ದೋಷವನ್ನೆಲ್ಲ ಹೋದವರ ತಲೆಗೆ ಕಟ್ಟುವುದು ಸುಲಭ, ನ್ಯಾಯವಲ್ಲ. ಆದರೆ ಒಂದು ದೇಶದ ಬೊಕ್ಕಸದಿಂದ ತಯಾರಾದ ವೈದ್ಯನನ್ನು ಇನ್ನೊಂದು ದೇಶವು ಒಂದು ಪೌಂಡನ್ನೂ ಕೊಡದೆ ಪಡೆದು ನಲವತ್ತು ವರ್ಷ ದುಡಿಸಿಕೊಂಡುದು ಸಾಲವೇ ಹೌದು. ಆ ಸಾಲವು ಬ್ರಿಟನ್ನಿನ ಆಯವ್ಯಯ ಪತ್ರದಲ್ಲಿ ಎಂದೂ ಕಾಣಿಸಿಕೊಂಡಿಲ್ಲ. ಭಾರತವೂ ಅದನ್ನು ಬರೆದು ಕೇಳಲಿಲ್ಲ. ೨೦೧೦ರ ಮೇ ತಿಂಗಳಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸಭೆಯು ಆರೋಗ್ಯ ಕಾರ್ಯಕರ್ತರನ್ನು ಬೇರೆ ದೇಶಗಳಿಂದ ನೇಮಿಸಿಕೊಳ್ಳುವ ವಿಷಯದಲ್ಲಿ ಒಂದು ಆಚಾರಸಂಹಿತೆಯನ್ನು ಅಂಗೀಕರಿಸಿತು. ಕೊರತೆಯಿರುವ ಬಡ ದೇಶಗಳಿಂದ ಸೆಳೆಯಬಾರದೆಂಬುದು ಅದರ ಮುಖ್ಯ ಮಾತು. ಅದನ್ನು ಪಾಲಿಸುವುದು ಆಯಾ ದೇಶದ ಇಚ್ಛೆಗೆ ಬಿಟ್ಟದ್ದು.

ಎಲ್. ಎಂ. ಪಿ.ಯನ್ನು ನಿಲ್ಲಿಸಿದ ದೇಶವು ಅದರ ಸ್ಥಾನವನ್ನು ತುಂಬಲು ಹಲವು ಬಾರಿ ಪ್ರಯತ್ನಿಸಿತು. ೧೯೭೫ರಲ್ಲಿ ಶ್ರೀವಾಸ್ತವ ಸಮಿತಿಯು ಹಳ್ಳಿಯವರಿಂದಲೇ ಆರೋಗ್ಯ ಕಾರ್ಯಕರ್ತರನ್ನು ಆರಿಸಿ ತರಬೇತು ಕೊಡಬೇಕೆಂದಿತು. ೧೯೭೭ರಲ್ಲಿ ಅಂತಹ ಯೋಜನೆಯೂ ಮೊದಲಾಯಿತು. ಛತ್ತೀಸಗಢದಲ್ಲಿಯೂ ಅಸ್ಸಾಮಿನಲ್ಲಿಯೂ ಮೂರು ವರ್ಷದ ವೈದ್ಯಶಿಕ್ಷಣವನ್ನು ಪ್ರಯೋಗಿಸಿ ನೋಡಿದರು. ೨೦೧೯ರ ರಾಷ್ಟ್ರೀಯ ವೈದ್ಯ ಆಯೋಗದ ಕಾನೂನು, ಮಿತವಾದ ಅಧಿಕಾರವುಳ್ಳ ಸಮುದಾಯ ಆರೋಗ್ಯ ಸೇವಕರಿಗೆ ಸನ್ನದು ಕೊಡಬಹುದೆಂಬ ಪ್ರಕರಣವನ್ನು ಒಳಗೊಂಡಿತು. ಪದವೀಧರ ವೈದ್ಯರು ಅರೆವಿದ್ಯೆಯೆಂದು ಅದನ್ನು ಪ್ರತಿಭಟಿಸಿದರು. ೧೯೪೬ರ ಭಿನ್ನಾಭಿಪ್ರಾಯದವರ ಪುಟಗಳನ್ನು ಯಾರಾದರೂ ತೆರೆದು ನೋಡಿದರೋ ಇಲ್ಲವೋ!

ಮರುವರ್ಷ, ೨೦೨೦ರ ವಸಂತದಲ್ಲಿ, ಕೋವಿಡ್ ಮಹಾಮಾರಿಯು ಬ್ರಿಟನ್ನಿಗೆ ಬಂದಿತು. ಅಲ್ಲಿ ಆ ರೋಗದಿಂದ ಮೃತರಾದರೆಂದು ಹೆಸರು ಪ್ರಕಟವಾದ ಮೊದಲ ಹತ್ತು ವೈದ್ಯರೂ ಏಷ್ಯ, ಆಫ್ರಿಕ ಮೊದಲಾದ ಖಂಡಗಳ ಮೂಲದವರು. ಅವರಲ್ಲಿ ಕೆಲವರು ಎಪ್ಪತ್ತು ವರ್ಷ ದಾಟಿಯೂ ರೋಗಿಗಳನ್ನು ನೋಡುತ್ತಿದ್ದ ಕುಟುಂಬವೈದ್ಯರು. ೧೯೬೦, ೭೦ರ ದಶಕಗಳಲ್ಲಿ ಮೂರು ವರ್ಷಕ್ಕೆಂದು ಹಡಗನ್ನೋ ವಿಮಾನವನ್ನೋ ಏರಿದ ತಲೆಮಾರಿನವರು ಆ ವೇಳೆಗೆ ಒಬ್ಬೊಬ್ಬರಾಗಿ ನಿವೃತ್ತರಾಗುತ್ತಿದ್ದರು. ಅವರು ಬಿಟ್ಟ ಕಣಿವೆಗಳ ಔಷಧಾಲಯಗಳಿಗೆ ಹೊಸ ವೈದ್ಯರನ್ನು ಹುಡುಕುವುದು ಆರೋಗ್ಯಸೇವೆಯ ಅಧಿಕಾರಿಗಳಿಗೆ ಮತ್ತೆ ಹಳೆಯ ತೊಂದರೆಯಾಗಿ ಪರಿಣಮಿಸಿದ್ದಿತು.